ಹಂದಿಮರಿಗಳ ಪ್ರತಿರಕ್ಷೆ ಮತ್ತು ಎಳವೆಯ ಆರೋಗ್ಯ

ಹುಟ್ಟಿದ ಗಳಿಗೆಯಿಂದ ತಾಯಿಹಾಲು ಬಿಡಿಸುವವರೆಗಿನ ನಾಲ್ಕೈದು ವಾರಗಳಲ್ಲಿ ಹಂದಿಮರಿಯ ದೇಹ ರೋಗಾಣುಗಳನ್ನು ಎದುರಿಸುವ ಬಗೆ ಹಾಗೂ ಆ ಅವಧಿಯಲ್ಲಿ ಸಾಕಣೆದಾರ ಅದಕ್ಕೆ ಒದಗಿಸಬೇಕಾದ ಆಸರೆ ಈ ಲೇಖನದ ವಿಷಯ. ಹಂದಿಮರಿ ಮೂರು ಕೊರತೆಗಳನ್ನು ಹೊತ್ತು ಭೂಮಿಗೆ ಬರುತ್ತದೆ. ಅದರ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆ, ಮೈಯಲ್ಲಿ ಉರಿಸಿ ಬೆಚ್ಚಗಾಗಲು ಕೊಬ್ಬಿಲ್ಲ, ಕಬ್ಬಿಣಾಂಶದ ದಾಸ್ತಾನು ಕೆಲವೇ ದಿನಗಳಿಗೆ ಸಾಲುವಷ್ಟು. ಮೊದಲೆರಡು ಕೊರತೆಗಳನ್ನು ತಾಯಿಯ ಗಿಣ್ಣು ತುಂಬಿಕೊಡುತ್ತದೆ. ಮೂರನೆಯದನ್ನು ತುಂಬಲು ತಾಯಿಹಾಲಿಗೂ ಆಗುವುದಿಲ್ಲ. ವಾಣಿಜ್ಯ ಸಾಕಣೆಯಲ್ಲಿ ಜೀವಂತ ಹುಟ್ಟಿದ ಮರಿಗಳ ಪೈಕಿ ನೂರಕ್ಕೆ 10ರಿಂದ 20 ಹಾಲು ಬಿಡಿಸುವ ಮೊದಲೇ ಸಾಯುತ್ತವೆ. ಈ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಮೊದಲ ಮೂರು ದಿನಗಳಲ್ಲೇ ಆಗುತ್ತವೆ. ಆದ್ದರಿಂದ ಹಂದಿಮರಿಯ ಆರೋಗ್ಯದ ಚರ್ಚೆಯನ್ನು ಔಷಧದಿಂದ ಆರಂಭಿಸದೆ ಈಯುವ ದಿನದಿಂದಲೇ ಆರಂಭಿಸಬೇಕು.

ಗರ್ಭದಲ್ಲಿ

ಹಂದಿಯ ಗಬ್ಬದ ಅವಧಿ ಸುಮಾರು 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಎಂದು ಸಾಕಣೆದಾರರು ನೆನಪಿಡುತ್ತಾರೆ. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಭ್ರೂಣದ ರಕ್ತಕ್ಕೆ ಇಳಿಯುತ್ತವೆ, ಹಾಗಾಗಿ ಮನುಷ್ಯನ ಕೂಸು ಹುಟ್ಟುವಾಗಲೇ ಒಂದಿಷ್ಟು ರಕ್ಷಣೆ ಪಡೆದಿರುತ್ತದೆ. ಹಂದಿಯ ಮಾಸಿನ ರಚನೆಯೇ ಬೇರೆ. ತಾಯಿಯ ರಕ್ತಕ್ಕೂ ಭ್ರೂಣದ ರಕ್ತಕ್ಕೂ ನಡುವೆ ಅಂಗಾಂಶದ ಆರು ಪದರಗಳಿರುತ್ತವೆ. ಆಮ್ಲಜನಕ, ಸಕ್ಕರೆಯಂಥ ಸಣ್ಣ ವಸ್ತುಗಳು ಅವನ್ನು ದಾಟುತ್ತವೆ, ಪ್ರತಿಕಾಯದಂಥ ದೊಡ್ಡ ಪ್ರೋಟೀನು ದಾಟುವುದಿಲ್ಲ. ಹಸು, ಕುರಿ, ಕುದುರೆಗಳ ಮಾಸಿನಲ್ಲೂ ಪ್ರತಿಕಾಯಗಳಿಗೆ ಇದೇ ಬಗೆಯ ತಡೆಯಿದೆ. ಆದರೆ ಕರುವಾಗಲಿ ಕುದುರೆಮರಿಯಾಗಲಿ ತಾಯಿಯ ಕೆಚ್ಚಲನ್ನು ಒಂಟಿಯಾಗಿ ಸೇರುತ್ತದೆ. ಹಂದಿಮರಿಗೆ ಹತ್ತಾರು ಒಡಹುಟ್ಟುಗಳ ಪೈಪೋಟಿ.

ಭ್ರೂಣ ಪೂರ್ತಿ ಅಸಹಾಯಕವೇನೂ ಅಲ್ಲ. ಗಬ್ಬದ ಸುಮಾರು 70ನೆಯ ದಿನದಿಂದ ಅದು ತಾನೇ ಪ್ರತಿಕಾಯ ತಯಾರಿಸಬಲ್ಲದು. ಪಾರ್ವೊವೈರಸ್ ಸೋಂಕಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ: ಆ ದಿನಕ್ಕಿಂತ ಮೊದಲು ಸೋಂಕು ತಗಲಿದ ಭ್ರೂಣ ಸತ್ತು ಒಣಗುತ್ತದೆ, ನಂತರ ತಗಲಿದ್ದು ಸಾಮಾನ್ಯವಾಗಿ ಬದುಕುಳಿದು ಪ್ರತಿಕಾಯದೊಂದಿಗೇ ಹುಟ್ಟುತ್ತದೆ. ಆದರೆ ಸ್ವಚ್ಛವಾದ ಗರ್ಭದಲ್ಲಿ ಬೆಳೆದ ಮರಿ ರೋಗಾಣುವನ್ನೇ ಕಂಡಿರುವುದಿಲ್ಲ. ಹುಟ್ಟಿದ ಮೇಲೆ ತನ್ನದೇ ರಕ್ಷಣೆಯನ್ನು ಕಟ್ಟಿಕೊಳ್ಳಲು ಅದಕ್ಕೆ ವಾರಗಳೇ ಬೇಕು. ಕೊಟ್ಟಿಗೆಯ ನೆಲದಲ್ಲಿರುವ ಬ್ಯಾಕ್ಟೀರಿಯಾಗಳು ಅಷ್ಟು ಸಮಯ ಕೊಡುವುದಿಲ್ಲ.

ಗಿಣ್ಣು

ಈಯುವ ಮೊದಲಿನ ಕೊನೆಯ ವಾರಗಳಲ್ಲಿ ತಾಯಿಹಂದಿಯ ರಕ್ತದಿಂದ ಐಜಿಜಿ ಎಂಬ ಪ್ರತಿಕಾಯ ಕೆಚ್ಚಲಿನಲ್ಲಿ ಶೇಖರವಾಗತೊಡಗುತ್ತದೆ. ಗಿಣ್ಣಿನ ಒಟ್ಟು ಪ್ರತಿಕಾಯಗಳಲ್ಲಿ ಸುಮಾರು ನೂರಕ್ಕೆ 80 ಪಾಲು ಇದೇ. ಉಳಿದದ್ದು ಐಜಿಎ ಮತ್ತು ಐಜಿಎಂ. ಮೊದಲ ಮರಿ ಹುಟ್ಟುವ ಹೊತ್ತಿಗೆ ಗಿಣ್ಣಿನಲ್ಲಿ ಪ್ರತಿಕಾಯ ಅತಿ ಹೆಚ್ಚಿರುತ್ತದೆ. 12 ಗಂಟೆಗಳಲ್ಲಿ ಅದು ಅರ್ಧದ ಆಸುಪಾಸಿಗೆ ಇಳಿದು, ಒಂದು ದಿನ ಕಳೆಯುವಷ್ಟರಲ್ಲಿ ಸಣ್ಣದೊಂದು ಪಾಲು ಮಾತ್ರ ಉಳಿಯುತ್ತದೆ. ಗಿಣ್ಣು ಆ ನಂತರ ಹಾಲಾಗಿ ಮಾರ್ಪಡುತ್ತದೆ. ಕೊಬ್ಬು ಮತ್ತು ಲ್ಯಾಕ್ಟೋಸ್ ಏರುತ್ತವೆ, ಪ್ರೋಟೀನು ಇಳಿಯುತ್ತದೆ, ಐಜಿಜಿಯ ಜಾಗಕ್ಕೆ ಐಜಿಎ ಮುಂದೆ ಬರುತ್ತದೆ.

ಕುಡಿದ ಗಿಣ್ಣಿನ ಪ್ರತಿಕಾಯ ಜೀರ್ಣವಾಗದೆ ಇಡಿಯಾಗಿ ರಕ್ತ ಸೇರುವುದು ಈ ವ್ಯವಸ್ಥೆಯ ಬೆರಗಿನ ಭಾಗ. ಎಳೆಮರಿಯ ಸಣ್ಣಕರುಳಿನ ಜೀವಕೋಶಗಳು ದೊಡ್ಡ ಪ್ರೋಟೀನುಗಳನ್ನು ಹಾಗೆಯೇ ಒಳಗೆಳೆದುಕೊಂಡು ಆಚೆ ಬದಿಗೆ ದಾಟಿಸುತ್ತವೆ. ಗಿಣ್ಣಿನಲ್ಲೇ ಇರುವ ಟ್ರಿಪ್ಸಿನ್ ಪ್ರತಿರೋಧಕವು ಜೀರ್ಣರಸಗಳಿಂದ ಪ್ರತಿಕಾಯವನ್ನು ಕಾಪಾಡುತ್ತದೆ. ಈ ದಾರಿ ಬಹಳ ಹೊತ್ತು ತೆರೆದಿರುವುದಿಲ್ಲ. ಮರಿ ಕುಡಿಯಲು ಆರಂಭಿಸಿದ ಮೇಲೆ 24ರಿಂದ 36 ಗಂಟೆಯೊಳಗೆ ಕರುಳು ಮುಚ್ಚಿಕೊಳ್ಳುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಲೆಚ್ಚೆ ಮತ್ತು ಮಾರ್ಗನ್ 1962ರಲ್ಲಿ ಪ್ರಕಟಿಸಿದ ಅಧ್ಯಯನ ಹಂದಿಮರಿ ಮತ್ತು ಕುರಿಮರಿಗಳ ಕರುಳು ಮುಚ್ಚುವುದಕ್ಕೂ ಆಹಾರ ಸಿಗುವುದಕ್ಕೂ ಇರುವ ಸಂಬಂಧವನ್ನು ತೋರಿಸಿತು. ಉಪವಾಸವಿದ್ದ ಮರಿಯ ಕರುಳು ತಡವಾಗಿ ಮುಚ್ಚುತ್ತದೆ. ಕೇಳಲು ಇದು ಒಳ್ಳೆಯ ಸುದ್ದಿಯಂತಿದೆ, ವಾಸ್ತವದಲ್ಲಿ ಹಾಗಲ್ಲ. ಹಸಿದ ಮರಿಯ ತೆರೆದ ಕರುಳಿನಿಂದ ಪ್ರತಿಕಾಯದ ಬದಲು ಬ್ಯಾಕ್ಟೀರಿಯಾಗಳು ಒಳನುಗ್ಗಬಹುದು.

ಮರಿಗೆ ಎಷ್ಟು ಗಿಣ್ಣು ಬೇಕು ಎಂಬ ಪ್ರಶ್ನೆಗೆ ಫ್ರಾನ್ಸಿನ ಸಂಶೋಧಕರ ಕೆಲಸದಿಂದ ಸ್ಪಷ್ಟ ಉತ್ತರ ಸಿಕ್ಕಿತು. ದೆವಿಲ್ಯೇ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ದಿನ 200 ಗ್ರಾಮಿಗಿಂತ ಕಡಿಮೆ ಗಿಣ್ಣು ಕುಡಿದ ಮರಿಗಳಲ್ಲಿ ನೂರಕ್ಕೆ ಸುಮಾರು 43 ಹಾಲು ಬಿಡಿಸುವ ಮೊದಲೇ ಸತ್ತವು. ಅದಕ್ಕಿಂತ ಹೆಚ್ಚು ಕುಡಿದವುಗಳಲ್ಲಿ ಸತ್ತದ್ದು ನೂರಕ್ಕೆ 7. ಬದುಕಲು ಕನಿಷ್ಠ 200 ಗ್ರಾಂ, ಚೆನ್ನಾಗಿ ಬೆಳೆಯಲು 250 ಗ್ರಾಂ ಎಂಬ ಅಳತೆ ಈಗ ಬಹುತೇಕ ಎಲ್ಲೆಡೆ ಒಪ್ಪಿತವಾಗಿದೆ. ಹಂದಿಮರಿಯ ಸಾವು ಬದುಕಿನ ಬಗ್ಗೆ ಇಷ್ಟು ನೇರವಾಗಿ ಮಾತಾಡುವ ಅಂಕಿ ಬೇರೆ ಇಲ್ಲ.

ಗಿಣ್ಣು ಬರೀ ಪ್ರತಿಕಾಯವಲ್ಲ. ಲ್ಯಾಕ್ಟೋಫೆರಿನ್, ಲೈಸೋಜೈಮ್, ಬೆಳವಣಿಗೆಯ ಅಂಶಗಳು ಮತ್ತು ತಾಯಿಯ ಜೀವಂತ ಬಿಳಿರಕ್ತಕಣಗಳು ಅದರಲ್ಲಿವೆ. ಗಿಣ್ಣು ಕುಡಿದ ಮರಿಯ ಸಣ್ಣಕರುಳು ಒಂದೇ ದಿನದಲ್ಲಿ ಗಣನೀಯವಾಗಿ ಬೆಳೆಯುತ್ತದೆ. ತಾಯಿಯ ಬಿಳಿರಕ್ತಕಣಗಳು ಮರಿಯ ಕರುಳನ್ನು ದಾಟಿ ರಕ್ತ ಸೇರುತ್ತವೆ, ಆದರೆ ಹೆತ್ತ ತಾಯಿಯದ್ದಾದರೆ ಮಾತ್ರ. ಬೇರೆ ಹಂದಿಯ ಗಿಣ್ಣಿನಿಂದ ಪ್ರತಿಕಾಯ ಸಿಗುತ್ತದೆ, ಈ ಕಣಗಳು ಸಿಗುವುದಿಲ್ಲ. ಅಮೆರಿಕದ ಬಾರ್ಟಾಲ್ ಮತ್ತು ಬ್ಯಾಗ್ನೆಲ್ ಇನ್ನೂ ಮುಂದೆ ಹೋಗಿ, ಗಿಣ್ಣಿನಲ್ಲಿರುವ ರಿಲ್ಯಾಕ್ಸಿನ್‌ನಂಥ ಹಾರ್ಮೋನುಗಳು ಹೆಣ್ಣುಮರಿಯ ಗರ್ಭಕೋಶದ ಬೆಳವಣಿಗೆಯ ಮೇಲೂ ಪ್ರಭಾವ ಬೀರುತ್ತವೆ ಎಂದು ತೋರಿಸಿದರು. ಹುಟ್ಟಿದ ದಿನ ಗಿಣ್ಣು ಕಡಿಮೆ ಕುಡಿದ ಹೆಣ್ಣುಮರಿ ದೊಡ್ಡದಾದ ಮೇಲೆ ಕಡಿಮೆ ಮರಿ ಹಾಕುವ ಸಂಭವವಿದೆ. ತಳಿಗೆಂದು ಹೆಣ್ಣುಮರಿ ಉಳಿಸಿಕೊಳ್ಳುವವರು ಇದನ್ನು ಗಮನಿಸಬೇಕು.

ಗಿಣ್ಣಿನ ಗುಣ ಅಳೆಯಲು ಕಬ್ಬಿನ ರಸದ ಸಿಹಿ ಅಳೆಯುವ ಬ್ರಿಕ್ಸ್ ಮಾಪಕವೇ ಸಾಕು. ಅದರಲ್ಲಿ 25 ಅಥವಾ ಹೆಚ್ಚು ಬಂದರೆ ಗಿಣ್ಣು ಚೆನ್ನಾಗಿದೆಯೆಂದೂ 20ಕ್ಕಿಂತ ಕಡಿಮೆಯಾದರೆ ತೆಳುವೆಂದೂ ಲೆಕ್ಕ. ಮರಿಗೆ ಪ್ರತಿಕಾಯ ತಲುಪಿತೇ ಎಂದು ತಿಳಿಯಲು ಅಮೆರಿಕದ ನೆಬ್ರಾಸ್ಕದ ಕ್ಲೇ ಸೆಂಟರ್‌ನಲ್ಲಿ ವ್ಯಾಲೆಟ್ ಮತ್ತು ಸಂಗಡಿಗರು 2013ರಲ್ಲಿ ಸರಳ ವಿಧಾನವೊಂದನ್ನು ಪ್ರಕಟಿಸಿದರು. ಮರಿಯ ರಕ್ತದ ಸೀರಮ್ಮಿಗೆ ಅಮೋನಿಯಂ ಸಲ್ಫೇಟ್ ಬೆರೆಸಿ, ಸಣ್ಣ ಗಾಜಿನ ನಳಿಕೆಯಲ್ಲಿ ತಿರುಗಿಸಿ, ತಳದಲ್ಲಿ ನಿಂತ ಗಸಿಯನ್ನು ಅಳೆದರೆ ಮುಗಿಯಿತು.

ಚಳಿಯೆಂಬ ಮೊದಲ ಶತ್ರು

ಗಿಣ್ಣು ಕೆಚ್ಚಲಲ್ಲಿದ್ದರೆ ಸಾಲದು, ಮರಿ ಅಲ್ಲಿಗೆ ತಲುಪಿ ಕುಡಿಯುವಷ್ಟು ತ್ರಾಣ ಉಳಿಸಿಕೊಂಡಿರಬೇಕು. 39 ಡಿಗ್ರಿ ಸೆಲ್ಸಿಯಸ್ ಬಿಸಿಯ ಗರ್ಭದಿಂದ ಒದ್ದೆ ಮೈಯಲ್ಲಿ ಹೊರಬಿದ್ದ ಮರಿಯ ದೇಹದ ಉಷ್ಣತೆ ಅರ್ಧ ಗಂಟೆಯೊಳಗೆ ಎರಡು ಡಿಗ್ರಿ ಅಥವಾ ಇನ್ನೂ ಹೆಚ್ಚು ಇಳಿಯುತ್ತದೆ. ಅದರ ತೂಕ ಒಂದೂಕಾಲು, ಒಂದೂವರೆ ಕಿಲೊ. ಮೈಯಲ್ಲಿ ಕೊಬ್ಬು ನೂರಕ್ಕೆ ಒಂದೆರಡು ಪಾಲು, ಅದರಲ್ಲೂ ಬಹುಪಾಲು ಜೀವಕೋಶಗಳ ಕಟ್ಟಡಕ್ಕೆ ಬೇಕಾದದ್ದು, ಉರಿಸಲು ಸಿಗುವಂಥದ್ದಲ್ಲ. ಮನುಷ್ಯನ ಕೂಸು, ಕುರಿಮರಿ ಮುಂತಾದವುಗಳಿಗೆ ಮೈ ಬೆಚ್ಚಗಿಡಲು ಕಂದುಕೊಬ್ಬು ಇರುತ್ತದೆ. ಹಂದಿಗೆ ಅದೂ ಇಲ್ಲ. ಕಂದುಕೊಬ್ಬು ಶಾಖ ಹುಟ್ಟಿಸಲು ಬೇಕಾದ ಯುಸಿಪಿ-1 ಎಂಬ ಜೀನು ಹಂದಿಯ ವಂಶದಲ್ಲಿ ಸುಮಾರು ಎರಡು ಕೋಟಿ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ ಎಂದು ಸ್ವೀಡನ್ನಿನ ಉಪ್ಸಾಲದ ಸಂಶೋಧಕರು 2006ರಲ್ಲಿ ತೋರಿಸಿದರು. ಕಾಡುಹಂದಿ ಈಯುವ ಮೊದಲು ಎಲೆ, ಹುಲ್ಲು, ಕಡ್ಡಿಗಳನ್ನು ಒಟ್ಟುಮಾಡಿ ಗೂಡು ಕಟ್ಟುವುದು ಇದಕ್ಕೇ ಇರಬೇಕು. ಸಾವಿರಾರು ವರ್ಷ ಸಾಕಿದ ಮೇಲೂ ಸಾಕುಹಂದಿಯಲ್ಲಿ ಈ ಸಹಜಪ್ರವೃತ್ತಿ ಅಳಿದಿಲ್ಲ. ಹಿಡಿ ಹುಲ್ಲೂ ಸಿಗದ ಕಾಂಕ್ರೀಟ್ ಕೋಣೆಯಲ್ಲಿ ಅದು ಈಯುವ ಹಿಂದಿನ ದಿನ ಮೂತಿಯಿಂದ ನೆಲ ಕೆದಕುತ್ತಲೇ ಇರುತ್ತದೆ.

ಮರಿಯ ಬಳಿ ಇರುವ ಇಂಧನವೆಂದರೆ ಯಕೃತ್ತು ಮತ್ತು ಸ್ನಾಯುಗಳಲ್ಲಿರುವ ಗ್ಲೈಕೋಜನ್. ನಡುಗುತ್ತಾ ಅದನ್ನೇ ಉರಿಸಿದರೆ ಅರ್ಧ ದಿನ, ಹೆಚ್ಚೆಂದರೆ ಇನ್ನೊಂದಿಷ್ಟು ಗಂಟೆಗಳಲ್ಲಿ ಖಾಲಿ. ಚಳಿ ಹಿಡಿದ ಮರಿ ಮಂಕಾಗುತ್ತದೆ, ಕೆಚ್ಚಲಿಗೆ ತಡವಾಗಿ ಹೋಗುತ್ತದೆ, ಕಡಿಮೆ ಕುಡಿಯುತ್ತದೆ, ಕಡಿಮೆ ಕುಡಿದದ್ದರಿಂದ ಇನ್ನಷ್ಟು ತಣ್ಣಗಾಗುತ್ತದೆ. ಕೊನೆಗೆ ಬಿಸಿಗಾಗಿ ತಾಯಿಯ ಮೈಗೆ ಒತ್ತಿಕೊಂಡು ಮಲಗಿ, ತಾಯಿ ಮಗ್ಗುಲು ಬದಲಿಸಿದಾಗ ಎದ್ದೋಡಲಾಗದೆ ಅಡಿಗೆ ಸಿಕ್ಕಿ ಸಾಯುತ್ತದೆ. ದಾಖಲೆಯಲ್ಲಿ ‘ತುಳಿತದಿಂದ ಸಾವು’ ಎಂದು ಬರೆಯುವುದರಲ್ಲಿ ಎಷ್ಟೋ ಮರಿಗಳು ನಿಜದಲ್ಲಿ ಹಸಿವು ಮತ್ತು ಚಳಿಗೆ ಬಲಿಯಾದವು. ತಾಯಿಯ ಮೇಲೆ ತಪ್ಪು ಹೊರಿಸಿ ಕೂತರೆ ಪರಿಹಾರ ಸಿಗುವುದಿಲ್ಲ.

ಕೊಟ್ಟಿಗೆ ಕಟ್ಟುವವರಿಗೆ ಇಲ್ಲಿಯೇ ತೊಡಕು. ತಾಯಿಹಂದಿಗೆ 18ರಿಂದ 22 ಡಿಗ್ರಿ ಹಿತ, ಹೊಸಮರಿಗೆ 34 ಡಿಗ್ರಿಗಿಂತ ಕೆಳಗೆ ಚಳಿ. ಇಡೀ ಕೋಣೆಯನ್ನು ಬಿಸಿಮಾಡಿದರೆ ತಾಯಿ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಆದ್ದರಿಂದ ಒಂದೇ ಕೋಣೆಯಲ್ಲಿ ಎರಡು ಹವೆ ಇರಬೇಕು: ತಾಯಿಗೆ ತಂಪು ನೆಲ, ಪಕ್ಕದಲ್ಲಿ ತಾಯಿ ನುಗ್ಗಲಾಗದ, ಮರಿಗಳಷ್ಟೇ ಹೋಗಬಲ್ಲ ಬೆಚ್ಚಗಿನ ಗೂಡು. ಮೇಲೆ ಕೆಂಪು ಬಲ್ಬು, ಕೆಳಗೆ ಒಣ ಭತ್ತದ ಹುಲ್ಲು ಅಥವಾ ಗೋಣಿಚೀಲ. ಉಷ್ಣಮಾಪಕಕ್ಕಿಂತ ಮರಿಗಳು ಮಲಗಿದ ರೀತಿಯೇ ಒಳ್ಳೆಯ ಅಳತೆ. ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದರೆ ಚಳಿ, ಬಲ್ಬಿನಿಂದ ದೂರ ಚದುರಿದ್ದರೆ ಸೆಕೆ, ಪಕ್ಕಪಕ್ಕ ಚಾಚಿ ಮಲಗಿದ್ದರೆ ಸರಿಯಾಗಿದೆ.

ಮರಿಗಳ ಸಂಖ್ಯೆ ಏರಿದ ಪರಿಣಾಮ

ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕ್ರಿಸ್ಟಿಯನ್ ಲೆಗೋ ಮತ್ತು ಸಂಗಡಿಗರು 1970ರ ದಶಕದಲ್ಲಿ ಅತಿ ಹೆಚ್ಚು ಮರಿ ಹಾಕುವ ಹಂದಿಗಳನ್ನು ಹುಡುಕಿ ತಳಿ ಕಟ್ಟಲಾರಂಭಿಸಿದರು. 1979ರಲ್ಲಿ ಚೀನಾದಿಂದ ಮೈಶಾನ್ ಹಂದಿಗಳನ್ನೂ ತರಿಸಿದರು. ಡೆನ್ಮಾರ್ಕ್ 1990ರ ದಶಕದಿಂದ ಸೂಲಿನ ಮರಿಗಳ ಸಂಖ್ಯೆಯನ್ನು ತಳಿ ಆಯ್ಕೆಯ ಗುರಿಯಾಗಿಸಿತು. ಇಂದು ಡೆನ್ಮಾರ್ಕಿನಲ್ಲಿ ಒಂದು ಸೂಲಿಗೆ ಜೀವಂತ ಹುಟ್ಟುವ ಮರಿಗಳ ಸರಾಸರಿ 17ನ್ನು ದಾಟಿದೆ. ಆದರೆ ಸೂಲು ದೊಡ್ಡದಾದಂತೆ ಗಿಣ್ಣು ಹೆಚ್ಚಾಗಲಿಲ್ಲ. ಮುಂದೆ ಹಾಲಿನ ಇಳುವರಿ ಮರಿಗಳ ಚೀಪುವಿಕೆಗೆ ಸ್ಪಂದಿಸುತ್ತದೆ, ಗಿಣ್ಣಿನ ಪ್ರಮಾಣ ಮರಿಗಳ ಸಂಖ್ಯೆಯನ್ನು ಕೇಳುವುದಿಲ್ಲ. ಒಂದು ಹಂದಿ ಮೊದಲ ದಿನ ಕೊಡುವ ಗಿಣ್ಣು ಸರಾಸರಿ ಮೂರೂವರೆ ಕಿಲೊ. ಒಂದೊಂದು ಹಂದಿಯಲ್ಲಿ ಅದು ಒಂದೂವರೆ ಕಿಲೊ ಇರಬಹುದು, ಇನ್ನೊಂದರಲ್ಲಿ ಆರು ಕಿಲೊ ಮುಟ್ಟಬಹುದು. ಮರಿಗೆ 250 ಗ್ರಾಮಿನಂತೆ ಹಂಚಿದರೆ ಮೂರೂವರೆ ಕಿಲೊ 14 ಮರಿಗಳಿಗೆ ಸರಿಹೋಗುತ್ತದೆ. ಬಹುತೇಕ ಹಂದಿಗಳ ಮೊಲೆತೊಟ್ಟುಗಳ ಸಂಖ್ಯೆಯೂ ಅಷ್ಟೇ. ಅಂದರೆ 18 ಮರಿ ಹುಟ್ಟಿದ ದಿನವೇ ನಾಲ್ಕು ಮರಿಗಳಿಗೆ ಪಾಲಿಲ್ಲ. ನಮ್ಮಲ್ಲಿ ಹಸು ಈದಾಗ ಗಿಣ್ಣಿನಲ್ಲಿ ಮನೆಯವರಿಗೂ ಒಂದು ಪಾಲಿರುತ್ತದೆ. ಹಂದಿಯ ಗಿಣ್ಣು ಪೂರ್ತಿ ಮರಿಗಳದ್ದೇ ಆದರೂ ಮರಿಗಳಿಗೇ ಸಾಲುವುದಿಲ್ಲ.

ಸೂಲು ದೊಡ್ಡದಾದಷ್ಟೂ ಮರಿಯ ತೂಕ ಇಳಿಯುತ್ತದೆ, ಈಯುವ ಹೊತ್ತು ಉದ್ದವಾಗುತ್ತದೆ. ಕೊನೆಯಲ್ಲಿ ಹುಟ್ಟುವ ಮರಿಗಳಿಗೆ ಆಮ್ಲಜನಕದ ಕೊರತೆಯಾಗಿ ಮಂಕು ಕವಿದಿರುತ್ತದೆ. ಅವು ಕೆಚ್ಚಲಿಗೆ ಬರುವಷ್ಟರಲ್ಲಿ ಗಿಣ್ಣಿನ ಪ್ರತಿಕಾಯವೂ ಇಳಿದಿರುತ್ತದೆ. ಡೆನ್ಮಾರ್ಕ್ 2004ರಲ್ಲಿ ತನ್ನ ಆಯ್ಕೆಯ ಮಾನದಂಡವನ್ನೇ ಬದಲಿಸಿ, ಹುಟ್ಟಿದ ಮರಿಗಳ ಬದಲು ಐದನೆಯ ದಿನ ಬದುಕಿರುವ ಮರಿಗಳನ್ನು ಎಣಿಸತೊಡಗಿತು. ಬುದ್ಧಿವಂತ ತಿದ್ದುಪಡಿ ಇದು. ಆದರೂ ಸೂಲಿನ ಗಾತ್ರ ಏರುತ್ತಲೇ ಹೋಯಿತು, ಹೆಚ್ಚಾದ ಮರಿಗಳನ್ನು ಬೇರೆ ಹಾಲಿನ ಹಂದಿಗಳಿಗೆ ದಾಟಿಸುವುದು ಅಲ್ಲಿನ ಸಾಕಣೆಯ ನಿತ್ಯದ ಕೆಲಸವಾಯಿತು. ಹಾಲು ಕೊಡಲಾರದ ಸಂಖ್ಯೆಗೆ ತಳಿಯನ್ನು ಎಳೆದೊಯ್ಯುವುದು ಪ್ರಾಣಿಗೆ ಮಾಡುವ ಅನ್ಯಾಯ ಎಂಬ ಟೀಕೆ ಯುರೋಪಿನಲ್ಲೇ ಬಲವಾಗಿದೆ. ಈ ಲೇಖಕನಿಗೂ ಅದು ಸರಿಯೆನಿಸುತ್ತದೆ. ಮೈಶಾನ್ ಹಂದಿಯ ಉದಾಹರಣೆ ಬೇರೆಯೇ ಪಾಠ ಹೇಳುತ್ತದೆ. ಅದರ ಮರಿಗಳು ಚಿಕ್ಕವು, ಆದರೆ ಹುಟ್ಟುವಾಗ ಹೆಚ್ಚು ಬಲಿತಿರುತ್ತವೆ, ಹಾಗಾಗಿ ಹೆಚ್ಚು ಬದುಕುತ್ತವೆ.

ತಾಯಿಗೆ ಲಸಿಕೆ, ಮರಿಗೆ ರಕ್ಷಣೆ

ಮರಿಗೆ ನೇರ ಲಸಿಕೆ ಹಾಕಿ ಮೊದಲ ವಾರದ ರೋಗ ತಡೆಯಲಾಗದು, ಅಷ್ಟು ಬೇಗ ಅದರ ದೇಹ ಪ್ರತಿಕ್ರಿಯಿಸುವುದಿಲ್ಲ. ತಾಯಿಯ ಮೂಲಕವೇ ಹೋಗಬೇಕು. ಇದರ ಶಾಸ್ತ್ರ ತಿಳಿದದ್ದು ಎರಡು ರೋಗಗಳ ಅಧ್ಯಯನದಿಂದ.

ಮೊದಲನೆಯದು ಇ. ಕೋಲೈ ಬ್ಯಾಕ್ಟೀರಿಯಾದಿಂದ ಬರುವ ಭೇದಿ. ಹುಟ್ಟಿದ ಮೊದಲ ದಿನಗಳಲ್ಲಿ ನೀರಿನಂಥ ಭೇದಿಯಾಗಿ ಮರಿ ಒಣಗಿ ಸಾಯುವ ಈ ರೋಗದ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ಕೆ-88 ಎಂಬ ತಂತುಗಳಿಂದ ಅಂಟಿಕೊಳ್ಳುತ್ತದೆ. ಇಂಗ್ಲೆಂಡಿನ ಕಾಂಪ್ಟನ್ ಸಂಶೋಧನಾಲಯದಲ್ಲಿ ರಟರ್ ಮತ್ತು ಜೋನ್ಸ್ ಗಬ್ಬದ ಹಂದಿಗಳಿಗೆ ಈ ತಂತುವಿನ ಲಸಿಕೆ ಕೊಟ್ಟು, ಅವುಗಳ ಗಿಣ್ಣು ಕುಡಿದ ಮರಿಗಳು ಉಳಿಯುವುದನ್ನು 1973ರಲ್ಲಿ ತೋರಿಸಿದರು. ಅದೇ ಸಂಶೋಧನಾಲಯದಲ್ಲಿ ಸೆಲ್‌ವುಡ್ ಮತ್ತು ಇತರರು 1975ರಲ್ಲಿ ಮತ್ತೊಂದು ಸಂಗತಿ ಕಂಡುಕೊಂಡರು: ಕೆಲವು ಹಂದಿಗಳ ಕರುಳಿನಲ್ಲಿ ಈ ತಂತು ಅಂಟುವ ತಾಣವೇ ಇಲ್ಲ, ಅವುಗಳಿಗೆ ಈ ರೋಗ ಹುಟ್ಟಿನಿಂದಲೇ ತಗಲದು. ಅಂಥ ಹಂದಿಗಳನ್ನೇ ಆರಿಸಿ ಸಾಕಬಹುದಲ್ಲ ಎನಿಸುವುದು ಸಹಜ. ಆದರೆ ತಾಣವಿರುವ ಗುಣ ಪ್ರಬಲವಾದದ್ದು. ತಾಣವಿಲ್ಲದ ತಾಯಿಯನ್ನು ತಾಣವಿರುವ ಗಂಡಿಗೆ ಕೊಡಿಸಿದರೆ ಹುಟ್ಟುವ ಮರಿಗಳಿಗೆ ತಾಣ ಬರುತ್ತದೆ. ತಾಯಿಯ ಕರುಳಿಗಾದರೋ ಆ ಬ್ಯಾಕ್ಟೀರಿಯಾ ಎಂದೂ ಅಂಟದ ಕಾರಣ ಅದರ ಗಿಣ್ಣಿನಲ್ಲಿ ಅದಕ್ಕೆ ಬೇಕಾದ ಪ್ರತಿಕಾಯವೇ ಇರುವುದಿಲ್ಲ. ರೋಗ ತಗಲದ ತಾಯಿಯ ಮರಿಗಳೇ ಹೆಚ್ಚು ಸಾಯುತ್ತವೆ. ತಾಯಿ ಎದುರಿಸಿದ ರೋಗಾಣುವಿನಿಂದ ಮಾತ್ರ ಗಿಣ್ಣು ಕಾಪಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಎರಡನೆಯದು ಟಿಜಿಇ ಎಂಬ ವೈರಸ್ ರೋಗ. ಅಮೆರಿಕದಲ್ಲಿ 1946ರಲ್ಲಿ ಮೊದಲು ವರ್ಣಿಸಲಾದ ಇದು ಎಳೆಮರಿಗಳಿಗೆ ವಾಂತಿಭೇದಿ ತಂದು ಬಹುತೇಕ ಇಡೀ ಸೂಲನ್ನೇ ಕೊಲ್ಲುತ್ತಿತ್ತು. ಓಹಾಯೊದಲ್ಲಿ ಎಡ್ವರ್ಡ್ ಬೋಲ್ ಮತ್ತು ಲಿಂಡಾ ಸೈಫ್ 1970ರ ದಶಕದಲ್ಲಿ ಇದರ ಒಗಟು ಬಿಡಿಸಿದರು. ಸೂಜಿಯಿಂದ ಲಸಿಕೆ ಪಡೆದ ತಾಯಿಯ ಹಾಲಿನಲ್ಲಿ ಐಜಿಜಿ ಬರುತ್ತಿತ್ತು, ಮರಿಗಳು ಮಾತ್ರ ಉಳಿಯುತ್ತಿರಲಿಲ್ಲ. ಬಾಯಿಯ ಮೂಲಕ ಸಹಜವಾಗಿ ಸೋಂಕು ತಗಲಿ ಚೇತರಿಸಿಕೊಂಡ ತಾಯಿಯ ಹಾಲಿನಲ್ಲಿ ಐಜಿಎ ಇರುತ್ತಿತ್ತು, ಆ ಮರಿಗಳು ಉಳಿಯುತ್ತಿದ್ದವು. ಕರುಳಿನಲ್ಲಿ ತರಬೇತಾದ ತಾಯಿಯ ಬಿಳಿರಕ್ತಕಣಗಳು ಕೆಚ್ಚಲಿಗೆ ಹೋಗಿ ಐಜಿಎ ತಯಾರಿಸುತ್ತವೆ. ಈ ಪ್ರತಿಕಾಯ ರಕ್ತ ಸೇರಬೇಕಿಲ್ಲ, ಪ್ರತಿ ಸಲ ಹಾಲು ಕುಡಿದಾಗಲೂ ಕರುಳಿನ ಒಳಮೈಗೆ ಬಳಿದುಕೊಂಡು ವೈರಸ್ಸನ್ನು ತಡೆಯುತ್ತದೆ. ಮೊದಲ ದಿನದ ಗಿಣ್ಣಿನಷ್ಟೇ ನಂತರದ ಹಾಲೂ ಏಕೆ ಮುಖ್ಯ ಎಂಬುದು ಇದರಿಂದ ತಿಳಿಯಿತು. ಮುಂದೆ 2013ರಲ್ಲಿ ಪಿಇಡಿ ಎಂಬ ಸಮೀಪದ ವೈರಸ್ಸು ಅಮೆರಿಕ ಸೇರಿ ಲಕ್ಷಗಟ್ಟಲೆ ಮರಿಗಳನ್ನು ಕೊಂದಾಗ ಇದೇ ತಿಳಿವಳಿಕೆ ನೆರವಿಗೆ ಬಂತು.

ಇ. ಕೋಲೈಗೆ ಮತ್ತು ರಕ್ತಭೇದಿ ತರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಕ್ಕೆ ಲಸಿಕೆಗಳನ್ನು ಸಾಮಾನ್ಯವಾಗಿ ಈಯುವ ಐದಾರು ವಾರ ಮೊದಲು ಒಮ್ಮೆ, ಎರಡು ಮೂರು ವಾರ ಮೊದಲು ಇನ್ನೊಮ್ಮೆ ಹಾಕುತ್ತಾರೆ. ಗಬ್ಬದ ಹಂದಿಯನ್ನು ಈಯುವ ಕೆಲವು ವಾರ ಮುಂಚೆಯೇ ಅದೇ ಫಾರ್ಮಿನ ವಾತಾವರಣಕ್ಕೆ ಒಗ್ಗಿಸುವುದೂ ಇಷ್ಟೇ ಉಪಯುಕ್ತ. ಹೊರಗಿನಿಂದ ತಂದು ಮರುವಾರವೇ ಈಯುವ ಹಂದಿಯ ಗಿಣ್ಣು ಎಷ್ಟೇ ದಟ್ಟವಿದ್ದರೂ ಈ ಕೊಟ್ಟಿಗೆಯ ರೋಗಾಣುಗಳು ಅದಕ್ಕೆ ಅಪರಿಚಿತ. ಮೊದಲ ಸೂಲಿನ ಹಂದಿಗಳ ಮರಿಗಳು ಹೆಚ್ಚು ಕಾಯಿಲೆ ಬೀಳಲು ಇದೂ ಒಂದು ಕಾರಣ. ಸತ್ತ ಮರಿಗಳ ಕರುಳು, ಸಗಣಿಯನ್ನು ಗಬ್ಬದ ಹಂದಿಗೆ ತಿನ್ನಿಸಿ ಪ್ರತಿರಕ್ಷೆ ಎಬ್ಬಿಸುವ ಪದ್ಧತಿ ಅಮೆರಿಕದಲ್ಲಿದೆ. ಹಂದಿಜ್ವರ ಸುಳಿದಾಡುವ ನಮ್ಮಂಥ ದೇಶದಲ್ಲಿ ಅದನ್ನು ಅನುಸರಿಸಬಾರದು.

ಕಬ್ಬಿಣಾಂಶ

ಮರಿ ಹುಟ್ಟುವಾಗ ಮೈಯಲ್ಲಿ ಸುಮಾರು 50 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಶರವೇಗದಲ್ಲಿ ಬೆಳೆಯುವ ಅದಕ್ಕೆ ದಿನಕ್ಕೆ ಕನಿಷ್ಠ 7 ಮಿಲಿಗ್ರಾಂ ಬೇಕು, ಹಾಲಿನಿಂದ ಸಿಗುವುದು ಒಂದು ಮಿಲಿಗ್ರಾಂ. ಮಣ್ಣು ಕೆದಕಿ ಬೆಳೆಯುವ ಮರಿಗೆ ಉಳಿದದ್ದು ಮಣ್ಣಿನಿಂದ ಬರುತ್ತದೆ. ಹಂದಿಯನ್ನು ಕಾಂಕ್ರೀಟಿನ ಮೇಲೆ ಕಟ್ಟಿದ ದಿನದಿಂದ ಈ ಮೂಲ ತಪ್ಪಿತು. ಎರಡು ಮೂರು ವಾರದ ಮರಿಗಳು ಬಿಳಿಚಿಕೊಂಡು, ಏದುಸಿರು ಬಿಡುತ್ತಾ, ಭೇದಿಗೆ ಸಿಕ್ಕಿ ಸಾಯುವುದಕ್ಕೆ ಕಬ್ಬಿಣದ ಕೊರತೆಯೇ ಕಾರಣವೆಂದು ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಮೆಕ್‌ಗೋವನ್ ಮತ್ತು ಕ್ರೈಟನ್ 1923ರಲ್ಲಿ ತೋರಿಸಿದರು. 1950ರ ದಶಕದಲ್ಲಿ ಬಂದ ಐರನ್ ಡೆಕ್ಸ್‌ಟ್ರಾನ್ ಇಂಜೆಕ್ಷನ್ ಸಮಸ್ಯೆಯನ್ನು ಬಹುಮಟ್ಟಿಗೆ ಮುಗಿಸಿತು. ಎರಡರಿಂದ ನಾಲ್ಕನೆಯ ದಿನದೊಳಗೆ ಕತ್ತಿನ ಸ್ನಾಯುವಿಗೆ 200 ಮಿಲಿಗ್ರಾಂ ಒಮ್ಮೆ ಕೊಟ್ಟರೆ ಸಾಕು. ಹುಟ್ಟಿದ ದಿನವೇ ಚುಚ್ಚುವ ಆತುರ ಬೇಡ, ಅಂದು ಮರಿಗೆ ಬೇಕಾದದ್ದು ಗಿಣ್ಣು. ತಾಯಿಗೆ ವಿಟಮಿನ್ ಇ ಮತ್ತು ಸೆಲೆನಿಯಂ ಕೊರತೆಯಿದ್ದರೆ ಈ ಇಂಜೆಕ್ಷನ್ನಿಗೇ ಮರಿಗಳು ಸಾಯುವುದುಂಟು. ಹಾಗೆ ಸತ್ತಾಗ ಪಶುವೈದ್ಯರನ್ನು ಕೇಳದೆ ಉಳಿದ ಮರಿಗಳಿಗೆ ಚುಚ್ಚಬಾರದು.

ಉಳಿದ ರೋಗಗಳು

ಮೊದಲ ವಾರದಲ್ಲಿ ಇ. ಕೋಲೈ ಜೊತೆಗೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಸಿ ಬಗೆಯ ರಕ್ತಭೇದಿ ಅಪಾಯಕಾರಿ. ಒಂದರಿಂದ ಎರಡನೆಯ ವಾರದ ನಡುವೆ ಹಳದಿ, ಪೇಸ್ಟಿನಂಥ ಭೇದಿ ಕಂಡು ಆ್ಯಂಟಿಬಯೋಟಿಕ್‌ಗೆ ಬಗ್ಗದಿದ್ದರೆ ಅದು ಕಾಕ್ಸಿಡಿಯಾ ಎಂಬ ಏಕಕೋಶ ಪರಾವಲಂಬಿಯದಾಗಿರಬಹುದು. ಹೊಕ್ಕುಳು, ಕೀಲು, ಮಿದುಳಿನ ಪೊರೆಗೆ ಬ್ಯಾಕ್ಟೀರಿಯಾ ಇಳಿಯುವುದು ಕೊಳಕು ನೆಲ ಮತ್ತು ಕೊಳಕು ಕತ್ತರಿಯಿಂದ. ಹುಟ್ಟುವಾಗಲೇ ಇರುವ ಎಂಟು ಸೂಜಿಹಲ್ಲುಗಳನ್ನು ಕತ್ತರಿಸುವುದು, ಬಾಲ ಮೊಟಕುಗೊಳಿಸುವುದು ಇವೆರಡೂ ಗಾಯ ಮಾಡುವ ಕೆಲಸಗಳೇ. ಯುರೋಪಿಯನ್ ಒಕ್ಕೂಟದ 2008ರ ನಿಯಮ ಇವನ್ನು ರೂಢಿಯಾಗಿ ಮಾಡಬಾರದೆಂದು ಹೇಳುತ್ತದೆ.

ತಾಯಿಯಿಂದ ಪಡೆದ ಐಜಿಜಿ ಸುಮಾರು ಎರಡು ವಾರಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಮರಿಯ ಸ್ವಂತ ಪ್ರತಿರಕ್ಷೆ ನಾಲ್ಕಾರು ವಾರಗಳ ಮೇಲೆ ಬಲಗೊಳ್ಳುತ್ತದೆ. ಈ ಎರಡರ ನಡುವಿನ ತಗ್ಗಿನಲ್ಲಿಯೇ ಹಾಲು ಬಿಡಿಸುವ ದಿನ ಬರುತ್ತದೆ, ಅಂದಿನಿಂದ ಹಾಲಿನ ಐಜಿಎ ಕೂಡ ನಿಲ್ಲುತ್ತದೆ. ಯುರೋಪಿನಲ್ಲಿ 28 ದಿನಕ್ಕೆ ಮುಂಚೆ ಹಾಲು ಬಿಡಿಸಬಾರದೆಂಬುದು ಸಾಮಾನ್ಯ ನಿಯಮ, ಷರತ್ತಿನ ಮೇಲೆ 21 ದಿನ. ಹಿಂದೆ ಈ ತಗ್ಗನ್ನು ದಾಟಿಸಲು ಮೇವಿನಲ್ಲಿ ಆ್ಯಂಟಿಬಯೋಟಿಕ್ ಬೆರೆಸುತ್ತಿದ್ದರು. 2015ರಲ್ಲಿ ಚೀನಾದ ಹಂದಿಗಳಲ್ಲಿ ಕೊಲಿಸ್ಟಿನ್ ಔಷಧವನ್ನು ಸೋಲಿಸುವ ಎಂಸಿಆರ್-1 ಜೀನು ಪತ್ತೆಯಾದದ್ದು ಆ ದಾರಿಯ ಅಪಾಯವನ್ನು ಜಗತ್ತಿಗೆ ತೋರಿಸಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಈ ಔಷಧವನ್ನು ಆಹಾರಪ್ರಾಣಿಗಳಿಗೆ ಬಳಸುವುದನ್ನು ಭಾರತ 2019ರಲ್ಲಿ ನಿಷೇಧಿಸಿತು.

ಈಯುವ ದಿನದ ಕೆಲಸ

ಈಯುವ ಕೋಣೆಯನ್ನು ತೊಳೆದು, ಸುಣ್ಣ ಹೊಡೆದು, ಒಣಗಲು ಬಿಡಬೇಕು. ಕೋಣೆಗೆ ಸೇರಿಸುವ ಮೊದಲು ತಾಯಿಹಂದಿಯ ಮೈ, ಕೆಚ್ಚಲು ತೊಳೆಯಬೇಕು. ಗೋಡೆಯಿಂದ ಒಂದು ಗೇಣು ದೂರದಲ್ಲಿ, ನೆಲದಿಂದ ಒಂದು ಗೇಣು ಮೇಲೆ ಕಬ್ಬಿಣದ ಪೈಪು ಅಳವಡಿಸಿದರೆ ತಾಯಿ ಮಲಗುವಾಗ ಮರಿ ಅದರಡಿ ನುಸುಳಿ ಬದುಕುತ್ತದೆ. ಈಯುವ ಮೊದಲು ತಾಯಿಗೆ ನಾರಿನಂಶದ ಮೇವು, ಬೇಕಾದಷ್ಟು ನೀರು ಸಿಗಬೇಕು. ಮಲಬದ್ಧತೆಯಾದ ಹಂದಿ ನಿಧಾನವಾಗಿ ಈಯುತ್ತದೆ, ಅದಕ್ಕೆ ಜ್ವರ, ಕೆಚ್ಚಲುಬಾವು ಬಂದು ಹಾಲು ನಿಲ್ಲುವುದುಂಟು. ಈಯುವ ದಿನ ಹಂದಿಯನ್ನು ಉಪವಾಸ ಕೆಡವುವ ಹಳೆಯ ರೂಢಿ ತಪ್ಪು. ಕೊನೆಯ ಮೇವು ತಿಂದ ಮೂರು ಗಂಟೆಯೊಳಗೆ ಈಯಲು ಶುರುಮಾಡಿದ ಹಂದಿಗಳು ಬೇಗ ಈದು ಮುಗಿಸಿದವೆಂದು ಡೆನ್ಮಾರ್ಕಿನ ಅಧ್ಯಯನ 2018ರಲ್ಲಿ ತೋರಿಸಿದೆ.

ಮರಿ ಹೊರಬಿದ್ದೊಡನೆ ಮೂತಿಯ ಪೊರೆ ತೆಗೆದು, ಒಣಬಟ್ಟೆಯಲ್ಲಿ ಮೈಯೊರೆಸಿ, ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಮೊಲೆಗೆ ಹಿಡಿಯಬೇಕು. ಸೂಲು ದೊಡ್ಡದಿದ್ದರೆ ಮೊದಲು ಹುಟ್ಟಿ ಹೊಟ್ಟೆ ತುಂಬಿದ ದಪ್ಪ ಮರಿಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದೆರಡು ಗಂಟೆ ಕೂಡಿಟ್ಟು, ಸಣ್ಣವುಗಳಿಗೆ ಕೆಚ್ಚಲು ಬಿಟ್ಟುಕೊಡಬೇಕು. ಖರ್ಚಿಲ್ಲದ ಈ ಉಪಾಯದಷ್ಟು ಮರಿ ಉಳಿಸುವ ಉಪಾಯ ಮತ್ತೊಂದಿಲ್ಲ. ಈಯುವಾಗ ಗಿಣ್ಣು ಸುಲಭವಾಗಿ ಇಳಿಯುವುದರಿಂದ ಕೈಯಿಂದ ಹಿಂಡಿ, ಚೀಪಲಾರದ ಮರಿಗೆ 15ರಿಂದ 20 ಮಿಲಿಲೀಟರ್ ಕುಡಿಸಬಹುದು. ತೀರಾ ತಣ್ಣಗಾದ ಮರಿಯನ್ನು ಮೊದಲು ಬೆಚ್ಚಗೆ ಮಾಡಿ ಆಮೇಲೆ ಕುಡಿಸಬೇಕು. ಹಂದಿಯ ಗಿಣ್ಣು ಸಿಗದಾಗ ಹಸುವಿನ ಗಿಣ್ಣು ಶಕ್ತಿ ಕೊಡುತ್ತದೆ, ಆದರೆ ಅದರ ಪ್ರತಿಕಾಯಗಳು ಹಸುವಿನ ರೋಗಗಳಿಗೆ ತಕ್ಕವು. ಮರಿಯನ್ನು ಬೇರೆ ತಾಯಿಗೆ ದಾಟಿಸುವುದಾದರೆ ಹೆತ್ತ ತಾಯಿಯ ಗಿಣ್ಣನ್ನು ಕನಿಷ್ಠ 12 ಗಂಟೆ ಕುಡಿದ ಮೇಲೆ, ಎರಡು ದಿನ ತುಂಬುವ ಮೊದಲು ದಾಟಿಸಬೇಕು. ಅಷ್ಟರಲ್ಲಿ ಮರಿಗಳು ತಮ್ಮ ತಮ್ಮ ಮೊಲೆಯನ್ನು ಗೊತ್ತುಮಾಡಿಕೊಳ್ಳತೊಡಗಿರುತ್ತವೆ, ತಡವಾದರೆ ಜಗಳ ಹೆಚ್ಚು.

ಭಾರತದಲ್ಲಿ

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಹಂದಿಗಳಿವೆ. 21 ಲಕ್ಷದೊಂದಿಗೆ ಅಸ್ಸಾಂ ಮುಂದಿದೆ. ಗುವಾಹಟಿ ಬಳಿಯ ರಾಣಿಯಲ್ಲಿ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರವಿದೆ. ಈಶಾನ್ಯದಲ್ಲಿ ಮನೆಯ ಹಿತ್ತಲಲ್ಲಿ ಒಂದೆರಡು ಹಂದಿ ಸಾಕುವ ಹೆಂಗಸರೇ ಹೆಚ್ಚು. ಉತ್ತರ ಬಂಗಾಳದ ಘುಂಗ್ರೂ ತಳಿ ಹೆಚ್ಚು ಮರಿ ಹಾಕುವುದಕ್ಕೆ ಹೆಸರಾಗಿದೆ. ಕರ್ನಾಟಕದಲ್ಲಿ ಕೊಡಗು, ದಕ್ಷಿಣ ಕನ್ನಡ ಮತ್ತು ಬೆಂಗಳೂರಿನ ಸುತ್ತಮುತ್ತ ಬಿಳಿ ಯಾರ್ಕ್‌ಶೈರ್ ಮತ್ತು ಮಿಶ್ರತಳಿಗಳ ಸಾಕಣೆ ಇದೆ. ಕೊಡಗಿನ ಮಳೆಗಾಲದ ಶೀತದಲ್ಲಿ ಈಯುವ ಹಂದಿಗೆ ಒಣ ಹಾಸು, ಬಯಲುಸೀಮೆಯ ಬೇಸಿಗೆಯಲ್ಲಿ ಈಯುವ ಹಂದಿಗೆ ನೆರಳು ಮತ್ತು ನೀರು, ಎರಡೂ ಕಡೆ ಮರಿಗಳಿಗೆ ಬೆಚ್ಚಗಿನ ಗೂಡು ಬೇಕೇಬೇಕು.

ಹಂದಿಜ್ವರಕ್ಕೆ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ದೇಶೀಯ ವೈರಸ್ಸಿನಿಂದಲೇ ಲಸಿಕೆ ಸಿದ್ಧಪಡಿಸಿ 2020ರಲ್ಲಿ ಬಿಡುಗಡೆ ಮಾಡಿತು. ಲಸಿಕೆ ಪಡೆದ ತಾಯಿಯ ಮರಿಗಳಲ್ಲಿ ಗಿಣ್ಣಿನ ಪ್ರತಿಕಾಯ ಇರುವಾಗ ಲಸಿಕೆ ಹಾಕಿದರೆ ಆ ಪ್ರತಿಕಾಯವೇ ಲಸಿಕೆಯನ್ನು ವ್ಯರ್ಥಗೊಳಿಸುತ್ತದೆ. ಹೀಗಾಗಿ ಎರಡು ತಿಂಗಳ ಸುಮಾರಿಗೆ ಹಾಕುವುದು ಪದ್ಧತಿ. ಅದೇ 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲದಲ್ಲಿ ಮೊದಲು ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಇದಕ್ಕಿಂತ ಬೇರೆ ರೋಗ, ಹಂದಿಜ್ವರದ ಲಸಿಕೆ ಅದನ್ನು ತಡೆಯದು. ಹೋಟೆಲಿನ ಎಂಜಲನ್ನು ಕುದಿಸದೆ ಹಾಕುವುದು, ಹೊಸ ಹಂದಿಯನ್ನು ಪ್ರತ್ಯೇಕವಾಗಿಡದೆ ಒಳಗೆ ಬಿಡುವುದು ಎರಡೂ ನಿಲ್ಲಬೇಕು.

ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ ನೂರು ಹೆಣ್ಣುಹಂದಿಗಳ ಘಟಕಕ್ಕೆ 30 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ಅಂಥ ಘಟಕಕ್ಕೆ ಯೋಜನಾ ವರದಿ ಬರೆಯುವವರು ಹೆಣ್ಣುಹಂದಿಗಳ ಸಂಖ್ಯೆಯಷ್ಟೇ ಸ್ಪಷ್ಟವಾಗಿ ಈಯುವ ಕೋಣೆ, ಮರಿಗಳ ಬೆಚ್ಚಗಿನ ಗೂಡು ಮತ್ತು ಈಯುವ ರಾತ್ರಿ ಕಾಯುವ ಆಳಿನ ಸಂಬಳವನ್ನೂ ಅದರಲ್ಲಿ ನಮೂದಿಸಬೇಕು. ಮಂಜೂರು ಮಾಡುವ ಅಧಿಕಾರಿಗಳು ಅದನ್ನು ಕೇಳಿ ನೋಡಬೇಕು.